ಕೆಂಪು ಮಳೆಯ ಹನಿ ನೋಡಲು ಫೋಲ್ಡ್‌ಸ್ಕೋಪ್ ಸಾಕೇ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡದ ಈ ಕಾಗದದ ಸೂಕ್ಷ್ಮದರ್ಶಕ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. 2 ಮೈಕ್ರಾನಿನಷ್ಟು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ವಿವರ ಕಾಣುತ್ತದೆ. 2001ರಲ್ಲಿ ಕೇರಳದ ಕೊಟ್ಟಾಯಂ, ಇಡುಕ್ಕಿ ಕಡೆ ಸುರಿದ ಕೆಂಪು ಮಳೆಯ ಕಣಗಳು 4ರಿಂದ 10 ಮೈಕ್ರಾನ್. ಅಂದರೆ ದುಂಡಗಿನ ಕೆಂಪು ಕೋಶವೋ, ಅಂಚು ಒಡೆದ ಧೂಳೋ ಎಂದು ಹೇಳಬಹುದು. ಆ ಕಣಗಳು ಟ್ರೆಂಟಿಪೋಲಿಯಾ ಪಾಚಿಯ ಬೀಜಕಗಳೆಂದು ಗುರುತಿಸಲು ಪ್ರಯೋಗಾಲಯದಲ್ಲಿ ಬೆಳೆಸಬೇಕಾಯಿತು. ಅಷ್ಟನ್ನು ಈ ಉಪಕರಣದಿಂದ ನಿರೀಕ್ಷಿಸಬೇಡಿ.

ನೀರು ಹಿಡಿಯುವಾಗಲೇ ಹೆಚ್ಚಿನವರು ಎಡವುತ್ತಾರೆ. ಸೂರಿನ ನೀರು ಬೇಡ, ತಗಡಿನ ತುಕ್ಕೂ ಕೆಂಪೇ. ಬಯಲಲ್ಲಿ ಬಿಳಿ ಪಿಂಗಾಣಿ ಬಟ್ಟಲಿಡಿ, ಒಂದೆರಡು ಗಂಟೆ ಅಲುಗಿಸದೆ ಬಿಡಿ, ತಳದಿಂದ ಒಂದೇ ಹನಿ ತೆಗೆಯಿರಿ. ಹನಿಯ ಮೇಲಿಡುವ ತೆಳು ಮುಚ್ಚುಗಾಜನ್ನು ಓರೆಯಾಗಿ ಇಳಿಸದಿದ್ದರೆ ಗಾಳಿಗುಳ್ಳೆ ಸೇರುತ್ತದೆ; ಕಪ್ಪು ಅಂಚಿನ ಆ ಗುಳ್ಳೆಯನ್ನೇ ಕೋಶವೆಂದು ಹೊಸಬರು ಸಂಭ್ರಮಿಸುವುದುಂಟು! ನೀರು ಹೆಚ್ಚಾದರೆ ಕಣಗಳು ತೇಲಿ ಫೋಕಸ್ ನಿಲ್ಲದು, ಅಂಚಿಗೆ ಟಿಶ್ಯೂ ತಾಗಿಸಿ ಹೀರಿಸಿ. ಬೆಳಕಿಗೆ ಮೊಬೈಲ್ ಟಾರ್ಚ್ ಸಾಕು, ಸೂರ್ಯನತ್ತ ಹಿಡಿದು ನೋಡಲೇಬೇಡಿ.

ಎಣಿಕೆಗೆ ಮಾತ್ರ ಇದು ಕೆಲಸಕ್ಕೆ ಬಾರದು. ಕೇರಳದ ನೀರಿನಲ್ಲಿ ಮಿಲಿಲೀಟರಿಗೆ ಸುಮಾರು 90 ಲಕ್ಷ ಕಣಗಳಿದ್ದವೆಂಬ ಲೆಕ್ಕವಿದೆ. ಅಂಥದ್ದಕ್ಕೆ ಗೆರೆ ಹಾಕಿದ ಎಣಿಕೆ ಗಾಜು, ಸ್ಥಿರವಾದ ಪ್ರಯೋಗಾಲಯದ ಸೂಕ್ಷ್ಮದರ್ಶಕ ಬೇಕು.

ಕೆಂಪು ಕಲೆ ಮಳೆ ತಾಗದ ಗೋಡೆಯ ಮರೆಯಲ್ಲೂ ಇದ್ದರೆ ಉಪಕರಣ ತೆಗೆಯುವ ಮುನ್ನ ಚಿಟ್ಟೆ ಹೊರಬಂದ ಗೂಡಿನ ಪೊರೆ ಹುಡುಕಿ. 1608ರಲ್ಲಿ ಫ್ರಾನ್ಸಿನ ಎಕ್ಸ್ (Aix) ಪಟ್ಟಣದ 'ರಕ್ತದ ಮಳೆ' ಪೊರೆ ಬಿಟ್ಟ ಚಿಟ್ಟೆಗಳ ವಿಸರ್ಜನೆಯೆಂದು ವಿದ್ವಾಂಸ ಪೆಯ್ರೆಸ್ಕ್ ತೋರಿಸಿದ್ದು ಹಾಗೆಯೇ.