ಗಾಯ್ವಾನೋ, ಮಣ್ಣಿನ ಗಿಂಡಿಯೋ? ಚೀನೀ ಚಹಾ ಸೆಟ್ ಕೊಳ್ಳುವ ಮುನ್ನ

ಹತ್ತು ಹನ್ನೆರಡು ಸಾಮಾನು ಜೋಡಿಸಿ ಮಾರುವ ಚೀನೀ ಚಹಾ ಸೆಟ್ಟಿನಲ್ಲಿ ದಿನಾ ಕೈಗೆ ಬರುವುದು ಮೂರೇ: ಎಲೆ ನೆನೆಸುವ ಪಾತ್ರೆ, ಬಸಿದುಕೊಳ್ಳುವ ಜಗ್, ಕುಡಿಯುವ ಪುಟ್ಟ ಬಟ್ಟಲು. ಇಕ್ಕಳ, ಕುಂಚ, ಬಿದಿರಿನ ಚಮಚಗಳು ಮೂಲೆ ಸೇರುತ್ತವೆ. ರುಚಿಯನ್ನು ತೀರ್ಮಾನಿಸುವುದು ನೆನೆಸುವ ಪಾತ್ರೆ. ಹಾಗಾಗಿ ಮೂರು ಬಗೆಯವನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇವೆ: ಜಿಂಗ್‌ದೆಜೆನ್ ಪಿಂಗಾಣಿಯ ಗಾಯ್ವಾನ್ (100 ಮಿ.ಲೀ.), ಯಿಶಿಂಗ್ ಮಣ್ಣಿನ ಗಿಂಡಿ (120 ಮಿ.ಲೀ.), ಚಾವೊಜೌ ಕೆಂಪು ಮಣ್ಣಿನ ಗಿಂಡಿ (100 ಮಿ.ಲೀ.). ಎಲ್ಲಕ್ಕೂ ಒಂದೇ ನೀರು. ಊಲಾಂಗ್ (ಹಸಿರು ಮತ್ತು ಕಪ್ಪು ಚಹಾದ ನಡುವಿನ ಬಗೆ) ಆದರೆ 100 ಮಿ.ಲೀ.ಗೆ 6 ಗ್ರಾಂ ಎಲೆ.

ಗಾಯ್ವಾನ್ ಎಂದರೆ ಬಟ್ಟಲು, ಮುಚ್ಚಳ, ಕೆಳಗೊಂದು ತಟ್ಟೆ, ಅಷ್ಟೇ. ಮೂತಿ ಇಲ್ಲ, ಹಿಡಿ ಇಲ್ಲ. ಪಿಂಗಾಣಿ ವಾಸನೆ ಹೀರುವುದಿಲ್ಲ. ಬೆಳಗ್ಗೆ ಹಸಿರು ಚಹಾ, ಸಂಜೆ ಹುದುಗಿಸಿದ ಪು-ಅರ್ ಚಹಾ ಮಾಡಿದರೂ ಒಂದರ ಗಂಧ ಇನ್ನೊಂದಕ್ಕೆ ಅಂಟದು. ಎಲೆ ಹೇಗೆ ಅರಳುತ್ತಿದೆ ಎಂದು ಮುಚ್ಚಳ ಸರಿಸಿ ನೋಡಬಹುದು. ನಾಲ್ಕೈದು ಸೆಕೆಂಡಿನಲ್ಲಿ ಪೂರ್ತಿ ಬಸಿಯುತ್ತದೆ. ಇದೇ ಅದರ ದೊಡ್ಡ ಗುಣ.

ದೂರು ಒಂದೇ: ಬೆರಳು ಸುಡುತ್ತದೆ. ಆದರೆ ತಪ್ಪು ಬಹುಪಾಲು ಪಾತ್ರೆಯದಲ್ಲ, ನೀರಿನ ಮಟ್ಟದ್ದು. ಅಂಚು ಹೊರಕ್ಕೆ ಬಾಗುವ ಜಾಗ ಇದೆಯಲ್ಲ, ನೀರು ಅದರ ಕೆಳಗೇ ನಿಲ್ಲಬೇಕು. ಹಾಗಾಗಿ 110 ಮಿ.ಲೀ. ಎಂದು ಬರೆದಿದ್ದರೆ ನಿಜವಾಗಿ ಸಿಗುವುದು 85–90. ಹೆಬ್ಬೆರಳು, ನಡುಬೆರಳು ಎದುರುಬದುರು ಅಂಚಿನ ತುದಿಯಲ್ಲಿ, ತೋರುಬೆರಳು ಮುಚ್ಚಳದ ಗುಬುಟಿನ ಮೇಲೆ. ಮುಚ್ಚಳವನ್ನು ಓರೆಯಾಗಿ ಸರಿಸಿ ಎರಡು ಮೂರು ಮಿ.ಮೀ. ಸೀಳು ಬಿಡಿ. ಸೀಳು ಎರಡೂ ಬೆರಳುಗಳಿಂದ ದೂರ, ನಡುಮಧ್ಯದಲ್ಲಿ ಇರಲಿ. ಹೆಬ್ಬೆರಳ ಪಕ್ಕಕ್ಕೆ ಬಂದರೆ ಹಬೆ ನೇರ ಅಲ್ಲಿಗೇ ಬಡಿಯುತ್ತದೆ. ಮೊದಲ ವಾರ ತಣ್ಣೀರಿನಲ್ಲೇ ಕೈ ಪಳಗಿಸಿಕೊಳ್ಳಿ. ಕೊಳ್ಳುವಾಗ ಅಂಚು ಅಗಲವಾಗಿ ಬಾಗಿರುವುದನ್ನು, ಗೋಡೆ ತೆಳುವಾಗಿರುವುದನ್ನು ಆರಿಸಿ. ದಪ್ಪ ಗೋಡೆಯದು ಶಾಖ ಹಿಡಿದಿಟ್ಟುಕೊಂಡು ಅದೇ ಎಲೆಯನ್ನು ಮೂರನೆಯ ಸುತ್ತು ನೆನೆಸುವ ಹೊತ್ತಿಗೆ ಮುಟ್ಟಲಾರದಂತೆ ಆಗುತ್ತದೆ.

ಯಿಶಿಂಗ್ ಇರುವುದು ಜಿಯಾಂಗ್‌ಸು ಪ್ರಾಂತ್ಯದಲ್ಲಿ. ಅಲ್ಲಿನ ಜಿಶಾ, ಅಂದರೆ ‘ನೇರಳೆ ಮರಳು’ ಮಣ್ಣಿನ ಗಿಂಡಿಗೆ ಮೆರುಗು ಬಳಿಯುವುದಿಲ್ಲ. ಸಾಂಪ್ರದಾಯಿಕ ಪದ್ಧತಿಯಲ್ಲಿ ತಿಗರಿಯ ಮೇಲೂ ತಿರುಗಿಸುವುದಿಲ್ಲ. ಮಣ್ಣನ್ನು ಹಲಗೆಯಂತೆ ಬಡಿದು, ಸುತ್ತಿ, ತಟ್ಟಿ ಆಕಾರ ಕೊಡುತ್ತಾರೆ. ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಚಹಾದ ಗಂಧವನ್ನು ಹೀರಿಕೊಳ್ಳುತ್ತದೆ. ಆದ್ದರಿಂದಲೇ ಒಂದು ಗಿಂಡಿಗೆ ಒಂದೇ ಬಗೆಯ ಚಹಾ ಎಂಬ ಕಟ್ಟು. ನಮ್ಮ ಕಲ್ಚಟ್ಟಿಯಲ್ಲಿ ಹುಳಿ ಮಾಡಿ ಅದರಲ್ಲೇ ಪಾಯಸ ಕಾಯಿಸಿದಂತಾಗಬಾರದು.

ಫಲಿತಾಂಶ ಎಲೆಗೆ ತಕ್ಕಂತೆ ಬೇರೆ ಬೇರೆ. ವೂಯಿ ಬೆಟ್ಟದ ಹುರಿದ ಊಲಾಂಗ್, ಹುದುಗಿಸಿದ ಪು-ಅರ್ ಯಿಶಿಂಗ್‌ನಲ್ಲಿ ಮೆದುವಾಗುತ್ತವೆ. ಒಗರು ಇಳಿಯುತ್ತದೆ, ಹೊಗೆಯ ಮೊನಚು ಹೋಗುತ್ತದೆ. ಅದೇ ಗಿಂಡಿಯಲ್ಲಿ ಹಸಿರು ಛಾಯೆಯ ತಿಯೆಗ್ವಾನ್‌ಯಿನ್ ಊಲಾಂಗ್ ಹಾಕಿದರೆ ಹೂವಿನ ಪರಿಮಳ ಮಂಕಾಗುತ್ತದೆ. ಲೋಂಗ್‌ಜಿಂಗ್‌ನಂಥ ಹಸಿರು ಚಹಾ ಹಾಕಲೇಬೇಡಿ. ದಪ್ಪ ಮಣ್ಣಿನ ಶಾಖಕ್ಕೆ ಎಲೆ ಬೆಂದು ಹಳದಿಯಾಗಿ, ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ಅದಕ್ಕೆ 80–85 ಡಿಗ್ರಿ ನೀರು, ಮುಚ್ಚಳ ಹಾಕದ ಗಾಯ್ವಾನ್ ಅಥವಾ ಬರೀ ಗಾಜಿನ ಲೋಟ ಸಾಕು.

ಗಿಂಡಿಯ ವೇಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಯಿಶಿಂಗ್ ಖಾಲಿಯಾಗಲು 14 ಸೆಕೆಂಡು ಬೇಕು. ಒಟ್ಟು 20 ಸೆಕೆಂಡು ನೆನೆಯಬೇಕಿದ್ದರೆ ಆರು ಎಣಿಸಿದೊಡನೆ ಬಗ್ಗಿಸಬೇಕು. ಗಾಯ್ವಾನ್‌ನ ಲೆಕ್ಕದಲ್ಲೇ ನೆನೆಸಿ ಕಹಿಯಾಯಿತೆಂದು ಮಣ್ಣನ್ನು ಬೈಯುವವರೇ ಹೆಚ್ಚು.

ಚಾವೊಜೌ ಗ್ವಾಂಗ್‌ಡಾಂಗ್ ಪ್ರಾಂತ್ಯದ ಊರು, ಪುಟ್ಟ ಪಾತ್ರೆಯಲ್ಲಿ ಹೆಚ್ಚು ಎಲೆ ಹಾಕಿ ಮತ್ತೆ ಮತ್ತೆ ತುಸು ಹೊತ್ತು ನೆನೆಸುವ ಗೊಂಗ್‌ಫು ಚಹಾದ ತವರು. ಇಲ್ಲಿನ ಕೆಂಪು ಗಿಂಡಿಯನ್ನು ತಿಗರಿಯ ಮೇಲೆ ತಿರುಗಿಸುತ್ತಾರೆ. ಗೋಡೆ ತೆಳು, ಬಸಿಯುವುದು ಚುರುಕು. ಹತ್ತಿರದ ಫೀನಿಕ್ಸ್ ಬೆಟ್ಟದ ದಾನ್‌ಚೋಂಗ್ ಊಲಾಂಗ್‌ಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗಲಿಲ್ಲ. ಪರಿಮಳವೂ ಉಳಿಯುತ್ತದೆ, ಒಗರೂ ತುಸು ಇಳಿಯುತ್ತದೆ. ಇಲ್ಲಿಯ ಪದ್ಧತಿಗೆ ಜಗ್ ಕೂಡ ಬೇಡ. ಮೂರು ಬಟ್ಟಲನ್ನು ಒತ್ತೊತ್ತಾಗಿಟ್ಟು ಗಿಂಡಿಯನ್ನು ಸುತ್ತುತ್ತಾ ಸುರಿಯುತ್ತಾರೆ. ಇದಕ್ಕೆ ‘ಗುವಾನ್ ಗೊಂಗ್ ಊರು ಸುತ್ತುವುದು’ ಎಂದು ಹೆಸರು. ಕೊನೆಯ ಗಟ್ಟಿ ಹನಿಗಳನ್ನು ಒಂದೊಂದಾಗಿ ಹಂಚುವುದು ‘ಹಾನ್ ಶಿನ್ ದಂಡು ಎಣಿಸುವುದು’. ಇಬ್ಬರೂ ಪ್ರಾಚೀನ ಚೀನಾದ ಸೇನಾಪತಿಗಳು.

ಮಣ್ಣಿನ ಗಿಂಡಿ ಕೈಗೆ ಬಂದೊಡನೆ ಮೂರು ಪರೀಕ್ಷೆ ಮಾಡಿ. ಮುಚ್ಚಳ ತೆಗೆದು ಬೋರಲು ಹಾಕಿ: ಮೂತಿಯ ತುದಿ, ಬಾಯಂಚು, ಹಿಡಿಯ ಮೇಲ್ತುದಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಮೇಜು ಮುಟ್ಟಬೇಕು. ಮೂತಿ ಮೇಜಿಗೆ ತಾಗದೆ ಎದ್ದು ನಿಂತರೆ ಅದು ಬಾಯಿಗಿಂತ ತಗ್ಗು ಎಂದರ್ಥ; ನೀರು ತುಂಬುವಾಗಲೇ ಚೆಲ್ಲುತ್ತದೆ. ಆಮೇಲೆ ನೀರು ತುಂಬಿ, ಮುಚ್ಚಳದ ತೂತನ್ನು ಬೆರಳಿನಿಂದ ಮುಚ್ಚಿ ಬಗ್ಗಿಸಿ. ಹರಿವು ನಿಲ್ಲಬೇಕು. ನಿಲ್ಲದಿದ್ದರೆ ಮುಚ್ಚಳ ಸರಿಯಾಗಿ ಕೂತಿಲ್ಲ. ಕೊನೆಗೆ ಕುದಿನೀರು ತುಂಬಿ ಆರುವ ತನಕ ಬಿಟ್ಟು ಆ ನೀರನ್ನು ಮೂಸಿ, ಸವಿದು ನೋಡಿ. ಬಣ್ಣ ಬಿಟ್ಟರೆ ಅಥವಾ ಶೂ ಪಾಲಿಶ್ ವಾಸನೆ ಬಂದರೆ ಹಿಂದಿರುಗಿಸಿ. ಅಗ್ಗದ ಬೆಲೆಗೆ ‘ಅಸಲಿ ಕೈಕೆಲಸದ ಜಿಶಾ’ ಎಂದರೆ ಅಲ್ಲೇ ಅನುಮಾನಪಡಿ.

ಅಳತೆಯ ಹೊಂದಾಣಿಕೆಯಲ್ಲಿ ಡಬ್ಬಿ ಸೆಟ್ಟುಗಳು ಸೋಲುವುದು ಹೆಚ್ಚು. 200 ಮಿ.ಲೀ. ಗಿಂಡಿಗೆ 12 ಗ್ರಾಂ ಎಲೆ ಬೇಕು. ಇಬ್ಬರೇ ಇದ್ದರೆ ಮೂರನೆಯ ಸುತ್ತಿಗೇ ಹೊಟ್ಟೆ ತುಂಬುತ್ತದೆ. ಇಬ್ಬರು ಮೂವರಿಗೆ 100 ಮಿ.ಲೀ. ಗಾಯ್ವಾನ್, 150ರ ಗಾಜಿನ ಜಗ್, 30 ಮಿ.ಲೀ.ನ ಮೂರು ಬಟ್ಟಲು ಸರಿಯಾಗಿ ಹೊಂದುತ್ತವೆ. ಪಾತ್ರೆಯ ಅಳತೆ ತಿಳಿಯಲು ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೀರು ತುಂಬಿ: ನೀರಿನ ತೂಕ ಎಷ್ಟು ಗ್ರಾಮೋ ಮಿ.ಲೀ.ಯೂ ಅಷ್ಟೇ. ಬಟ್ಟಲಿನ ಒಳಬದಿ ಬಿಳಿಯದೇ ಇರಲಿ, ಬಣ್ಣ ನೋಡಿ ಹದ ತಿಳಿಯಲು.

ಮೊದಲ ಖರೀದಿ ಗಾಯ್ವಾನ್ ಆಗಲಿ. ಒಂದೇ ಚಹಾವನ್ನು ತಿಂಗಳುಗಟ್ಟಲೆ ಕುಡಿಯುತ್ತೀರಿ ಎಂದು ಖಚಿತವಾದ ಮೇಲೆ ಆ ಎಲೆಗೆ ತಕ್ಕ ಮಣ್ಣು. ಗಿಂಡಿಗೆ ಸೋಪು ತಾಕಿಸಬೇಡಿ. ಬಿಸಿನೀರಿನಲ್ಲಿ ತೊಳೆದು, ಮುಚ್ಚಳ ತೆಗೆದು ಒಣಗಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಚ್ಚಿಟ್ಟ ಗಿಂಡಿಗೆ ಎರಡೇ ದಿನದಲ್ಲಿ ಬೂಷ್ಟು ಬರುತ್ತದೆ. ಬಿದಿರಿನ ಚಹಾ ತಟ್ಟೆಯದೂ ಅದೇ ಪಾಡು. ಅಗಲದ ಸ್ಟೀಲ್ ತಟ್ಟೆಯೇ ವಾಸಿ. ಬೋರ್‌ವೆಲ್‌ನ ಗಡಸು ನೀರಾದರೆ ಚಹಾದ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ, ಗಿಂಡಿಯ ಮೈಮೇಲೆ ಬಿಳಿ ಸುಣ್ಣ ಕೂರುತ್ತದೆ. ಆಗ ಪಾತ್ರೆ ಬದಲಿಸುವ ಮೊದಲು ನೀರು ಬದಲಿಸಿ ನೋಡಿ.