ಮೀಡಿಯಾ ಎಂಎ: ಎರಡು ವರ್ಷ ಓದಿ, ಆರು ವರ್ಷ ದುಡಿದ ಮೇಲೆ

2017ರಲ್ಲಿ ಎಲೆಕ್ಟ್ರಾನಿಕ್ ಮೀಡಿಯಾ ಎಂಎಗೆ ಸೇರಿದೆ. ಈಗ ಬೆಂಗಳೂರಿನ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಡೈಲಾಗ್ ಎಡಿಟರ್, ಅಂದರೆ ರೆಕಾರ್ಡ್ ಆದ ಮಾತನ್ನು ಕತ್ತರಿಸಿ ಹೊಂದಿಸುವ ಕೆಲಸ. ಸಿಲಬಸ್, ಫೀಸು ಎಲ್ಲ ವೆಬ್‌ಸೈಟಿನಲ್ಲೇ ಸಿಗುತ್ತದೆ. ಇಲ್ಲಿ ಬರೆಯುವುದು ಅಲ್ಲಿ ಸಿಗದ ಮಾತು.

ನಾವು 32 ಜನ. ಕ್ಯಾಮೆರಾ ಎರಡು. ಒಂದರ ಬ್ಯಾಟರಿ ಇಪ್ಪತ್ತು ನಿಮಿಷವೂ ಬಾಳುತ್ತಿರಲಿಲ್ಲ. ಕ್ಯಾಮೆರಾ ತೆಗೆದುಕೊಳ್ಳಲು ಮುಖ್ಯಸ್ಥರ ಸಹಿ ಬೇಕು. ಬೀರುವಿನ ಕೀ ಇಟ್ಟುಕೊಂಡವರು ನಾಲ್ಕೂವರೆಗೆಲ್ಲ ಮನೆಗೆ ಹೊರಡುತ್ತಿದ್ದರು. ಸಂಜೆಯ ಒಳ್ಳೆ ಬೆಳಕು ಬರುವ ಹೊತ್ತಿಗೆ ಕ್ಯಾಮೆರಾ ಬೀರುವಿನೊಳಗೆ! ಮೊದಲ ಸೆಮಿಸ್ಟರ್ ಥಿಯರಿ ನೋಟ್ಸ್ ಬರೆಯುವುದರಲ್ಲೇ ಮುಗಿಯಿತು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಫೀಸು ಕಟ್ಟಿದ್ದರು. ಅದಕ್ಕೇ ಸಿಟ್ಟು ಜಾಸ್ತಿ. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಎರಡನೇ ಸೆಮಿಸ್ಟರ್‌ನಲ್ಲಿ ಆಡಿಯೋ ಪೇಪರ್‌ಗೆ ಅತಿಥಿ ಉಪನ್ಯಾಸಕಿಯೊಬ್ಬರು ಬಂದರು. ರೇಡಿಯೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾವು ಕ್ಯಾಮೆರಾ ಇಲ್ಲ ಎಂದು ಗೋಳು ಹೇಳಿಕೊಂಡೆವು. ಮೇಡಂ ಗೋಪಾಲಸ್ವಾಮಿಯವರ ಕತೆ ಹೇಳಿದರು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು, ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಹೀಗೆ ಹೇಳಿ, ಬ್ಯಾಗಿನಿಂದ ಅಂಗೈಯಗಲದ ರೆಕಾರ್ಡರ್ ತೆಗೆದು ಕೈಗೆ ಕೊಟ್ಟರು. ಅದಕ್ಕೆ ಎರಡು ಸಣ್ಣ ಪೆನ್ಸಿಲ್ ಸೆಲ್ ಸಾಕು. ಯಾರ ಸಹಿಯೂ ಬೇಡ.

ಬೆಳಗಿನ ಐದಕ್ಕೆ ಹೂವಿನ ಮಾರುಕಟ್ಟೆಗೆ ಹೋದೆ. ಹೆಡ್‌ಫೋನ್ ಹಾಕಿಕೊಂಡಾಗ ಮಾರು ಅಳೆಯುವ ಕೈಬಳೆಗಳ ಸದ್ದು ಕೇಳಿತು. ದಿನಾ ಓಡಾಡುವ ಜಾಗ, ಒಂದು ದಿನವೂ ಅದು ಕಿವಿಗೆ ಬಿದ್ದಿರಲಿಲ್ಲ. ಅವತ್ತೇ ನನ್ನ ದಾರಿ ಬದಲಾಯಿತು.

ಮೇಡಂ ಕಲಿಸಿದ ಒಂದು ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಎಲ್ಲಿ ರೆಕಾರ್ಡ್ ಮಾಡಿದರೂ ಕೊನೆಗೆ ಮೂವತ್ತು ಸೆಕೆಂಡ್ ಯಾರೂ ಮಾತಾಡದೆ ಸುಮ್ನೆ ನಿಲ್ಲಬೇಕು. ಅದಕ್ಕೆ ರೂಮ್ ಟೋನ್ ಅಂತಾರೆ. ಮಾತನ್ನು ಕತ್ತರಿಸಿದ ಕಡೆ ಸದ್ದಿನಲ್ಲಿ ಗುಂಡಿ ಬೀಳುತ್ತದೆ. ಅದೇ ಕೋಣೆಯ ಮೌನದಿಂದ ಅದನ್ನು ತುಂಬಬೇಕು. ಬೇರೆ ಕೋಣೆಯದು ಹೊಂದುವುದಿಲ್ಲ. ಯಾರದಾದರೂ ಮನೆಯಲ್ಲಿ ರೆಕಾರ್ಡಿಂಗ್ ಇದ್ದರೆ ಮೊದಲು ಫ್ಯಾನ್ ನಿಲ್ಲಿಸುತ್ತೇನೆ, ಆಮೇಲೆ ಫ್ರಿಜ್. ಫ್ರಿಜ್ ಒಳಗೆ ನನ್ನ ಗಾಡಿಯ ಕೀ ಇಡುತ್ತೇನೆ. ಕೀ ಇಲ್ಲದೆ ಮನೆಗೆ ಹೋಗುವ ಹಾಗಿಲ್ಲ, ಹಾಗಾಗಿ ಸ್ವಿಚ್ ಮತ್ತೆ ಹಾಕುವುದು ಮರೆಯುವುದಿಲ್ಲ.

ಕೆಲಸದ ಮಾತಿಗೆ ಬಂದರೆ, ಮೊದಲ ಸಂಬಳ 12,000 ರೂಪಾಯಿ. ಅದರಲ್ಲಿ 6,500 ಪಿಜಿ ಬಾಡಿಗೆಗೇ ಹೋಗುತ್ತಿತ್ತು. ಮನೆಯಿಂದ ಸ್ವಲ್ಪ ಆಸರೆ ಇಲ್ಲದಿದ್ದರೆ ಮೊದಲ ಎರಡು ವರ್ಷ ತುಂಬಾ ಕಷ್ಟ. ಹಿಂದೆ ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ಬಿಂಗ್ ಆಗಲು ಚಿತ್ರರಂಗದ ಸಂಘಗಳು ಬಿಡುತ್ತಿರಲಿಲ್ಲ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಹಾಗೆ ತಡೆಯುವುದು ತಪ್ಪು ಎಂದು ಆದೇಶ ಕೊಟ್ಟ ಮೇಲೆ ನಿಧಾನವಾಗಿ ದಾರಿ ತೆರೆಯಿತು. ನನಗೆ ಅನ್ನ ಹಾಕಿದ್ದು ಅದೇ. ಜೊತೆಗೆ ಓದಿದವರಲ್ಲಿ ಒಬ್ಬಳು ನ್ಯೂಸ್ ಚಾನೆಲ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಇನ್ನೊಬ್ಬ ಮದುವೆ ವಿಡಿಯೋ ಮಾಡುತ್ತಾನೆ, ನಮ್ಮೆಲ್ಲರಿಗಿಂತ ಅವನ ದುಡಿಮೆಯೇ ಚೆನ್ನಾಗಿದೆ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಮೂರೂ ಮೇಡಂಗೆ. ನೀವು ಸೇರುವ ಮೊದಲು ವಿಭಾಗಕ್ಕೆ ಒಮ್ಮೆ ಸಂಜೆ ಐದರ ಮೇಲೆ ಹೋಗಿ, ಬೀರುವಿನ ಕೀ ಯಾರ ಹತ್ತಿರ ಇದೆ ಅಂತ ಕೇಳಿ.