ಕ್ಲಬ್ಬಿನ ಪಿಕಪ್ಪು, ಸಿವಿಲ್ ಡಿಫೆನ್ಸ್, ದೊಡ್ಡ ಸಂಸ್ಥೆ: ಮೂರರಲ್ಲೂ ಕೆಲಸ ಮಾಡಿ ನೋಡಿದ್ದು

ಜೂನ್ ತಿಂಗಳಲ್ಲಿ ಪಯಸ್ವಿನಿ ಹೊಳೆ ಕೆಂಪಾದ ಕೂಡ್ಲೇ ನಮ್ಮ ಕಾಸರಗೋಡಿನ ಮುಳ್ಳೇರಿಯ ಕಡೆಯ ಹುಡುಗ್ರು ಯಾರಾದ್ರೂ ಬಂದು ಕೇಳ್ತಾರೆ, ಅಣ್ಣಾ ರಿಲೀಫ್ ಕೆಲ್ಸಕ್ಕೆ ಸೇರ್ಬೇಕು, ಎಲ್ಲಿ ಸೇರುದು ಒಳ್ಳೇದು ಅಂತ. ಪ್ರತಿ ಸಲ ಬಸ್‌ಸ್ಟ್ಯಾಂಡಲ್ಲಿ ನಿಂತು ಅರ್ಧ ಹೇಳುವಷ್ಟರಲ್ಲಿ ಬಸ್ ಬರ್ತದೆ. ಹಾಗಾಗಿ ಇಲ್ಲಿ ಪೂರ್ತಿ ಬರಿತೇನೆ. ನಾನು ಕೆಲ್ಸ ಮಾಡಿದ್ದು ಮೂರು ರೀತಿಯಲ್ಲಿ, ಊರಿನ ಕ್ಲಬ್ಬಿನ ಜೊತೆ, ಫಯರ್ ಫೋರ್ಸಿನ ಕೆಳಗೆ ಊರಿನವರಿಗೇ ರಕ್ಷಣೆಯ ಕೆಲ್ಸ ಕಲಿಸುವ ಸಿವಿಲ್ ಡಿಫೆನ್ಸಿನಲ್ಲಿ, ಮತ್ತೆ ಹೊರಗಿನ ಒಂದು ದೊಡ್ಡ ಸಂಸ್ಥೆಯ ಟೀಮಲ್ಲಿ. 2020ರಲ್ಲಿ ಕೇರಳ ಸರ್ಕಾರ ಸನ್ನದ್ಧ ಸೇನೆ ಅಂತ ಸ್ವಯಂಸೇವಕರ ಆನ್‌ಲೈನ್ ರಿಜಿಸ್ಟ್ರೇಷನ್ ಶುರು ಮಾಡಿದಾಗ ಅದಕ್ಕೂ ಹೆಸರು ಕೊಟ್ಟಿದ್ದೆ, ಕೊರೋನ ಸಮಯದಲ್ಲಿ ಮನೆಮನೆಗೆ ಮದ್ದು ಮುಟ್ಟಿಸಿದ್ದು ಬಿಟ್ರೆ ಹೆಚ್ಚು ಅನುಭವ ಇಲ್ಲ, ಅದನ್ನು ಇಲ್ಲಿ ಹೋಲಿಸುದಿಲ್ಲ.

ಮೊದಲು ಕ್ಲಬ್ಬಿದ್ದು ಹೇಳ್ತೇನೆ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡೆ ಜರಿದು ಮಡಿಕೇರಿ ರಸ್ತೆ ಬಂದ್ ಆಯ್ತಲ್ಲ, ಆ ಕಡೆಯ ನೀರೇ ಪಯಸ್ವಿನಿಯಾಗಿ ಸುಳ್ಯ ದಾಟಿ ನಮ್ಮಲ್ಲಿಗೆ ಬಂದು ಚಂದ್ರಗಿರಿ ಹೊಳೆ ಆಗುದು, ಆ ಕೆಸರು ನೀರನ್ನು ನೋಡಿಕೊಂಡು ಮನೇಲಿ ಕೂರ್ಲಿಕ್ಕೆ ನಮಗೆ ಯಾರಿಗೂ ಆಗ್ಲಿಲ್ಲ. ಸಂಜೆ ಕ್ಲಬ್ಬಲ್ಲಿ ಸೇರಿದ್ದು, ರಾತ್ರಿ ಹತ್ತು ಗಂಟೆ ಒಳಗೆ ಅಕ್ಕಿ, ಕಂಬಳಿ, ಬಿಸ್ಕಿಟು, ಹಳೇ ಬಟ್ಟೆ ಎಲ್ಲ ಒಟ್ಟಾಯ್ತು, ಬೆಳಿಗ್ಗೆ ಒಂದು ಪಿಕಪ್ಪು, ಒಂದು ಜೀಪು, ಒಂಬತ್ತು ಜನ ಹೊರಟೆವು. ಆ ವೇಗ ಮತ್ತೆ ಬೇರೆ ಎಲ್ಲೂ ನಾನು ನೋಡ್ಲಿಲ್ಲ. ಯಾರ ಪರ್ಮಿಷನ್ನೂ ಬೇಡ, ಫಾರ್ಮೂ ಬೇಡ, ಎಲ್ಲರೂ ಸಣ್ಣದರಿಂದ ಒಟ್ಟಿಗೆ ಬೆಳೆದವರು, ಯಾರಿಗೆ ಎಂತ ಬರ್ತದೆ ಅಂತ ಗೊತ್ತುಂಟು.

ಆದ್ರೆ ಕಲ್ಲುಗುಂಡಿ ಕಡೆಯ ಕ್ಯಾಂಪಿಗೆ ಮುಟ್ಟುವಾಗ ಅಲ್ಲಿ ನಮ್ಮ ಹಾಗೇ ಬಂದ ಪಿಕಪ್ಪುಗಳದ್ದೇ ಸಾಲು. ಅಕ್ಕಿ ಇಡ್ಲಿಕ್ಕೆ ಜಾಗ ಇಲ್ಲ, ಹಳೇ ಬಟ್ಟೆ ವರಾಂಡದಲ್ಲಿ ರಾಶಿ ಬಿದ್ದು ಮಳೆಗೆ ಒದ್ದೆ ಆಗಿ ವಾಸನೆ ಬರ್ಲಿಕ್ಕೆ ಶುರುವಾಗಿತ್ತು. ಒಬ್ರು ಅಮ್ಮ ನನ್ನನ್ನು ಬದಿಗೆ ಕರೆದು ಮೆಲ್ಲ ಕೇಳಿದ್ರು, ಮಗಾ, ಹುಡುಗಿಯರಿಗೆ ಪ್ಯಾಡ್ ತಂದಿದ್ದೀರಾ, ನೈಟಿ, ಒಳಬಟ್ಟೆ ಏನಾದ್ರೂ ಉಂಟಾ ಅಂತ. ಒಂಬತ್ತು ಗಂಡಸರಲ್ಲಿ ಒಬ್ಬನಿಗೂ ಅದು ತಲೆಗೆ ಹೋಗಿರ್ಲಿಲ್ಲ. ಜೀಪು ತಿರುಗಿಸಿ ಸುಳ್ಯಕ್ಕೆ ಹೋಗಿ ತಂದು ಕೊಟ್ಟೆವು, ಅದರೊಟ್ಟಿಗೆ ಚಪ್ಪಲಿ, ಶುಗರಿನ ಮಾತ್ರೆ, ಫೋನ್ ಚಾರ್ಜರ್. ಪಿಕಪ್ಪಲ್ಲಿ ತಂದದ್ದಕ್ಕಿಂತ ಅವತ್ತು ಉಪಕಾರ ಆದದ್ದು ಅದೇ. ನಮ್ಮಲ್ಲಿ ಇಬ್ರು ಮರ ಕೊಯ್ಯುವ ಮಿಷನ್ ತಂದಿದ್ರು, ಅವರು ಎರಡು ದಿನ ರಸ್ತೆಗೆ ಬಿದ್ದ ಮರ ಕಡಿದು ಕೊಟ್ರು, ಅವರ ಕೆಲ್ಸಕ್ಕೆ ಬೆಲೆ ಕಟ್ಲಿಕ್ಕೆ ಆಗ್ಲಿಕ್ಕಿಲ್ಲ. ಉಳಿದ ಏಳು ಜನಕ್ಕೆ ಮಲಗ್ಲಿಕ್ಕೆ ಜಾಗ, ಊಟ ಎಲ್ಲ ಅಲ್ಲಿಯವರೇ ನೋಡ್ಬೇಕಾಯ್ತು. ನಿರಾಶ್ರಿತರ ಪಾತ್ರೆಯಿಂದ ಉಂಡದ್ದು ನನಗೆ ಈಗಲೂ ಬೇಸರ ಉಂಟು.

ಆ ಬೇಸರದಲ್ಲೇ ನಾನು ಸಿವಿಲ್ ಡಿಫೆನ್ಸಿಗೆ ಹೋದದ್ದು. 2018, 2019ರ ಪ್ರಳಯ ಎರಡೂ ಆದ ಮೇಲೆ ಕೇರಳದಲ್ಲಿ ಇದನ್ನು ಫಯರ್ ಫೋರ್ಸಿನ ಕೆಳಗೆ ಕಟ್ಟಿದ್ದು, ಒಂದು ಸ್ಟೇಷನಿಗೆ 50 ಜನದ ಲೆಕ್ಕ, 124 ಸ್ಟೇಷನ್, ಒಟ್ಟು 6,200. ನಮ್ಮ ಜಿಲ್ಲೆಯಲ್ಲಿ ಉಪ್ಪಳ, ಕಾಸರಗೋಡು, ಕುತ್ತಿಕೋಲು, ಕಾಞಂಗಾಡು, ತೃಕರಿಪುರ, ಇಷ್ಟು ಕಡೆ ಸ್ಟೇಷನ್ ಉಂಟು. ಸಂಬಳ ಇಲ್ಲ, ಇದು ಸೇವೆ. ಕ್ಲಾಸೆಲ್ಲ ಮಲಯಾಳದಲ್ಲಿ. ನಾನು ಹತ್ತರ ತನಕ ಕನ್ನಡ ಮೀಡಿಯಮ್ಮು, ಮಾತು ಬರ್ತದೆ, ಓದ್ಲಿಕ್ಕೆ ತಡವಾಗ್ತದೆ, ಮೊದಲ ದಿನ ಹೆದರಿಕೆ ಇತ್ತು. ಆದ್ರೆ ಅಲ್ಲಿ ಪುಸ್ತಕಕ್ಕಿಂತ ಕೈ ಕೆಲ್ಸ ಹೆಚ್ಚು. ಹಗ್ಗದ ಗಂಟೇ ಎಷ್ಟು ವಾರ ಮಾಡಿಸಿದ್ರು, ಬೋಲೈನ್, ಕ್ಲೋವ್ ಹಿಚ್, ಚೇರ್ ನಾಟ್, ಕಣ್ಣು ಮುಚ್ಚಿ ಕಟ್ಟುವ ತನಕ. ಚೇರ್ ನಾಟ್ ಅಂದ್ರೆ ಒಂದೇ ಹಗ್ಗದಲ್ಲಿ ಎರಡು ಬಳೆ, ಒಂದು ಕಂಕುಳಿಗೆ ಒಂದು ಮೊಣಕಾಲಿನ ಕೆಳಗೆ, ಮನುಷ್ಯನನ್ನು ಕೂತ ಹಾಗೆ ಎತ್ಲಿಕ್ಕೆ ಆಗ್ತದೆ. ನಮ್ಮ ಊರಲ್ಲಿ ಬಾವಿಗೆ ಬಿದ್ದವರನ್ನು ತೆಗಿಲಿಕ್ಕೆ ಅಂತ ಸೀದಾ ಇಳಿದವರೂ ಉಸಿರು ಸಿಗದೆ ಸತ್ತದ್ದು ಕೇಳಿದ್ದೇವಲ್ಲ, ಅದು ಯಾಕೆ ಅಂತ ನನಗೆ ಗೊತ್ತಾದ್ದು ಅಲ್ಲಿ. ಆಳ ಬಾವಿಯ ಅಡಿಯಲ್ಲಿ ಆಕ್ಸಿಜನ್ ಕಡಿಮೆ ಇರ್ತದೆ, ಗಾಳಿ ನೋಡದೆ, ಹಗ್ಗ ಕಟ್ಟದೆ, ಮೇಲೆ ಜನ ಇಲ್ಲದೆ ಇಳಿಯುದೇ ಬೇಡ.

ಗುಡ್ಡೆ ಜರಿಯುವ ಮೊದಲು ಕಾಣುವ ಗುರುತುಗಳನ್ನೂ ಹೇಳಿಕೊಟ್ಟಿದ್ರು, ನೆಲದಲ್ಲಿ ಹೊಸ ಬಿರುಕು, ಮರ ಕಂಬ ಓರೆ ಆಗುದು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಾಗುದು, ತೋಡಿನ ನೀರು ಮಳೆ ಇರುವಾಗಲೇ ಕಡಿಮೆ ಆಗುದು. ಒಂದು ಜುಲೈಯಲ್ಲಿ ನಮ್ಮ ಮೇಲಿನ ಮನೆ ಮಾವನ ಸುರಂಗದಲ್ಲಿ ನೀರು ಚಾಯದ ಬಣ್ಣಕ್ಕೆ ತಿರುಗಿತು. ಸುರಂಗ ಅಂದ್ರೆ ನಮ್ಮ ಕಡೆಯವರಿಗೆ ಗೊತ್ತುಂಟು, ಗುಡ್ಡೆಗೆ ಅಡ್ಡ ಕೊರೆದು ನೀರು ತರುದು. ಮಾವ ಪ್ರಾಯದಲ್ಲಿ ಎಷ್ಟೋ ಸುರಂಗ ತೋಡಿದವರು, ಮಣ್ಣು ಮುಟ್ಟಿ ನೋಡಿ ಅವರೇ ಹೇಳಿದ್ರು, ಇದು ಸರಿ ಇಲ್ಲ ಮಾರಾಯ ಅಂತ. ದನದ ಹಟ್ಟಿಯ ಹಿಂದೆ ಗುಡ್ಡೆಯ ಬರೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಮೊದಲಿನ ನಾನಾಗಿದ್ರೆ ಬೆಳಿಗ್ಗೆ ನೋಡುವ ಅಂತಿದ್ದೆ. ಅವತ್ತು ಸ್ಟೇಷನಿಗೆ ಫೋನ್ ಮಾಡಿ, ಮಾವ, ಅತ್ತೆ, ಮಕ್ಕಳು, ಮೂರು ದನ, ಎಲ್ಲರನ್ನೂ ಕತ್ತಲಾಗುವ ಮೊದಲು ಕೆಳಗಿನ ಮನೆಗೆ ಇಳಿಸಿದೆವು. ಬೆಳಗಿನ ಜಾವ ಬರೆ ಜರಿದು ಹಟ್ಟಿ ಮಣ್ಣಿನ ಅಡಿ ಹೋಯ್ತು. ಅತ್ತೆ ಈಗಲೂ ನನ್ನ ಕೈ ಹಿಡಿದ್ರೆ ಬಿಡುದಿಲ್ಲ. ನಾನು ಮಾಡಿದ ಒಟ್ಟು ಕೆಲ್ಸದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ, ಅದು ಆದದ್ದು ನನ್ನ ಮನೆಯಿಂದ ಇನ್ನೂರು ಮೀಟರಲ್ಲಿ.

ಮೂರನೇದು ದೊಡ್ಡ ಸಂಸ್ಥೆ, ಹೆಸರು ಬೇಡ. 2024 ಜುಲೈ 30ರ ಬೆಳಗಿನ ಜಾವ ಗುಡ್ಡೆ ಜರಿದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಎರಡೂ ಹೋದ ಮೇಲೆ ನಾನು ಅವರ ಲಿಸ್ಟಲ್ಲಿ ಹೆಸರು ಕೊಟ್ಟೆ. ಮೂರು ದಿನ ವಾಟ್ಸಾಪಲ್ಲಿ ಸ್ಟ್ಯಾಂಡ್‌ಬೈ ಸ್ಟ್ಯಾಂಡ್‌ಬೈ ಅಂತಲೇ ಬಂತು, ನನಗೆ ಸಿಟ್ಟೇ ಬಂದಿತ್ತು. ಹೋದ ಮೇಲೆ ಗೊತ್ತಾಯ್ತು, ಮೊದಲ ದಿನಗಳಲ್ಲಿ ಅಲ್ಲಿ ಬೇಕಾಗಿದ್ದದ್ದು ಮಿಲಿಟರಿಯವರು, ಫಯರ್ ಫೋರ್ಸ್, ಆ ಊರಿನವರೇ. ಮಿಲಿಟರಿಯವರು 190 ಅಡಿಯ ಬೈಲಿ ಪಾಲ, ಅಂದ್ರೆ ತುಂಡು ತುಂಡು ಕಬ್ಬಿಣ ಜೋಡಿಸಿ ಬೇಗ ಕಟ್ಟುವ ಸೇತುವೆ, ಕಟ್ಟಿ ಮುಗಿಸುವ ತನಕ ಆಚೆ ದೊಡ್ಡ ಮಿಷನ್ ದಾಟಿಸ್ಲಿಕ್ಕೇ ಕಷ್ಟ ಇತ್ತು, ನಾವು ಹೋಗಿ ಎಂತ ಮಾಡುದು. ನನಗೆ ಸಿಕ್ಕಿದ ಹನ್ನೆರಡು ದಿನದ ಕೆಲ್ಸ ಗೋಡೌನು ಮತ್ತೆ ಮೇಪ್ಪಾಡಿಯ ಕ್ಯಾಂಪು. ಹೋಗುವ ಮೊದಲು ಒಂದು ಕಾಗದಕ್ಕೆ ಸೈನ್ ಹಾಕಿಸಿದ್ರು, ಮಕ್ಕಳ ಫೋಟೋ ತೆಗಿಬಾರ್ದು, ಇಲ್ಲದ ಭರವಸೆ ಕೊಡ್ಬಾರ್ದು, ಜಾತಿ ಪಾರ್ಟಿ ಕೇಳ್ಬಾರ್ದು. ಈ ವಿಷಯದಲ್ಲಿ ಅವರಿಂದ ಕಲಿಲಿಕ್ಕೆ ತುಂಬ ಉಂಟು. ಲೆಕ್ಕವೂ ಹಾಗೇ, ಒಬ್ಬರಿಗೆ ದಿನಕ್ಕೆ ಕಮ್ಮಿ ಅಂದ್ರೆ 15 ಲೀಟರ್ ನೀರು, 20 ಜನಕ್ಕೆ ಒಂದು ಟಾಯ್ಲೆಟ್, ಒಬ್ಬರಿಗೆ ಇರ್ಲಿಕ್ಕೆ ಮಾಡಿನ ಅಡಿ ಮೂರೂವರೆ ಚದರ ಮೀಟರ್, ಇದು ಪ್ರಪಂಚದಲ್ಲಿ ಎಲ್ಲ ಕಡೆ ರಿಲೀಫಿನವರು ಹಿಡಿದುಕೊಳ್ಳುವ ಸ್ಫಿಯರ್ ಅಳತೆ. ನಾವು ಕ್ಲಬ್ಬಿನವರು 2018ರಲ್ಲಿ ಕ್ಯಾಂಪಿನ ಟಾಯ್ಲೆಟ್ ಎಷ್ಟು ಅಂತ ನೋಡ್ಲೂ ಇಲ್ಲ, ಅಕ್ಕಿ ಮೂಟೆ ಎಣಿಸಿದ್ದು ಮಾತ್ರ.

ಸರಿ ಕಾಣದ್ದು ಕೂಡ ಇತ್ತು. ಒಂದೇ ಕುಟುಂಬದ ಹತ್ರ ಮೂರು ಸಲ ಮೂರು ಫಾರ್ಮ್ ತುಂಬಿಸಿದ್ರು, ಯಾರೆಲ್ಲ ಹೋದ್ರು ಅಂತ ಪ್ರತಿ ಸಲ ಮೊದಲಿಂದ ಹೇಳ್ಬೇಕು. ಮೂರನೇ ಸಲ ಒಬ್ರು ಅಕ್ಕ ಹೇಳ್ತಾ ಹೇಳ್ತಾ ನಿಲ್ಲಿಸಿ ಎದ್ದು ಹೋದ್ರು. ನಾನು ಅವತ್ತು ಮೇಲಿನವರ ಹತ್ರ ಜಗಳ ಮಾಡಿದೆ, ಹಳೇ ಫಾರ್ಮಿಂದ ಕಾಪಿ ಮಾಡುವ, ಪುನಃ ಕೇಳುದು ಬೇಡ ಅಂತ. ಎರಡು ದಿನ ಕಳೆದು ಒಪ್ಪಿದ್ರು.

ಅಲ್ಲಿ ನನ್ನಿಂದ ನಿಜವಾಗಿ ಉಪಯೋಗ ಆದದ್ದು ಯಾರ ಲಿಸ್ಟಲ್ಲೂ ಇರದ ಒಂದು ಕೆಲ್ಸ. ಎಸ್ಟೇಟಲ್ಲಿ ಇದ್ದವರಲ್ಲಿ ಚಾಮರಾಜನಗರ, ಮಂಡ್ಯ ಕಡೆಯವರೂ ಇದ್ರು. ಅವರನ್ನು ಹುಡುಕಿಕೊಂಡು ಬಂದ ಸಂಬಂಧಿಕರಿಗೆ ಮಲಯಾಳ ಬರುದಿಲ್ಲ. ಒಬ್ರು ಹಿರಿಯರು, ಟವಲ್ ಹೆಗಲ ಮೇಲೆ, ಮೇಪ್ಪಾಡಿಯ ಆಸ್ಪತ್ರೆ ಹೊರಗೆ ಗೋಡೆಗೆ ಒರಗಿ ಕೂತಿದ್ರು. ನಾನು ಯಾರ ಹತ್ರವೋ ಫೋನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಎದ್ದು ಬಂದು ‘ನಮ್ಮೋರಾ ನೀವು’ ಅಂತ ಕೇಳಿದ್ರು. ಡಿಎನ್‌ಎಗೆ ರಕ್ತ ಯಾಕೆ ತೆಗಿತಾರೆ, ಹೆಸರು ಸಿಗದವರನ್ನು ಪುತ್ತುಮಲದಲ್ಲಿ ನಂಬರ್ ಹಾಕಿ ಮಣ್ಣು ಮಾಡ್ತಾರೆ, ಆಮೇಲೆ ಟೆಸ್ಟಲ್ಲಿ ಹೊಂದಿದ್ರೆ ಆ ನಂಬರ್ ಯಾರದ್ದು ಅಂತ ತಿಳಿತದೆ, ಇದನ್ನೆಲ್ಲ ಅವರಿಗೆ ಕನ್ನಡದಲ್ಲಿ ಹೇಳಿದ ಮೊದಲ ಮನುಷ್ಯ ನಾನು. ಅವರ ಮಾತು ಬೇರೆ, ನಮ್ಮ ಕಾಸರಗೋಡಿನ ಮಾತು ಬೇರೆ, ಆದ್ರೂ ಅವತ್ತು ಎಂತ ತೊಂದರೆಯೂ ಆಗ್ಲಿಲ್ಲ. ಗಡಿಯಲ್ಲಿ ಹುಟ್ಟಿ ಎರಡು ಮೂರು ಭಾಷೆ ಬರುದು ಇಂಥಾ ಜಾಗದಲ್ಲಿ ಹಗ್ಗದಷ್ಟೇ ಬೇಕಾದ ಸಾಮಾನು. ಆಮೇಲಿಂದ ಎಲ್ಲಿ ಹೆಸರು ಕೊಡುವಾಗಲೂ ಕನ್ನಡ, ತುಳು, ಮಲಯಾಳ ಅಂತ ಎಲ್ಲಕ್ಕಿಂತ ಮೇಲೆ ಬರಿತೇನೆ, ನೀವೂ ಬರೀರಿ.

ಖರ್ಚಿನ ಲೆಕ್ಕ ಕೇಳ್ತಾರೆ ಹುಡುಗ್ರು. ಕ್ಲಬ್ಬಲ್ಲಿ ಡೀಸೆಲಿಂದ ಹಿಡಿದು ಎಲ್ಲ ನಮ್ಮ ಕಿಸೆಯಿಂದ, ಯಾರಿಗಾದ್ರೂ ಪೆಟ್ಟಾದ್ರೆ ಅದೂ ನಮ್ಮ ತಲೆ ಮೇಲೆ. ಸಿವಿಲ್ ಡಿಫೆನ್ಸಲ್ಲಿ ಸ್ಟೇಷನಿಗೆ ಹೋಗಿ ಬರುವ ಬಸ್ಸಿನ ದುಡ್ಡು, ಆದಿತ್ಯವಾರಗಳು. ಸಂಸ್ಥೆಯಲ್ಲಿ ಊಟ, ಜಾಗ ಅವರದ್ದು, ಆದ್ರೆ ಹನ್ನೆರಡು ದಿನದ ರಜೆ ನನ್ನದು, ಕೂಲಿ ಕೆಲ್ಸದವರಿಗೆ ಅದು ಹೇಳಿದಷ್ಟು ಸುಲಭ ಅಲ್ಲ. ಸಂಸ್ಥೆಯವರ ಒಂದು ಒಳ್ಳೆ ಪದ್ಧತಿ, ವಾಪಸ್ ಕಳಿಸುವ ಮೊದಲು ಕೌನ್ಸಿಲರ್ ಜೊತೆ ಕೂರಿಸಿದ್ರು. ನಿದ್ರೆ ಬರ್ತಿರ್ಲಿಲ್ಲ ಅಂತ ನಾನು ಬಾಯಿ ಬಿಟ್ಟದ್ದೇ ಅಲ್ಲಿ. ಕ್ಲಬ್ಬಿನ ಒಂಬತ್ತು ಜನ 2018ರದ್ದನ್ನು ಒಬ್ಬರಿಗೊಬ್ರು ಇಷ್ಟರ ತನಕ ಹೇಳ್ಲಿಲ್ಲ.

ನನ್ನನ್ನು ಕೇಳಿದ್ರೆ ಮೊದಲು ಸಿವಿಲ್ ಡಿಫೆನ್ಸ್, ಅದರಲ್ಲಿ ನನಗೆ ಸಂಶಯ ಇಲ್ಲ. ಅಲ್ಲಿ ಸೀಟು ತುಂಬಿದ್ರೆ ವಿಪತ್ತಿನಲ್ಲಿ ಸಹಾಯ ಮಾಡ್ಲಿಕ್ಕೆ ಊರಿನವರಿಗೆ ಕೊಡುವ ಆಪ್ದ ಮಿತ್ರ ಟ್ರೇನಿಂಗ್ ಈಗ ಉಂಟಾ, ಯಾವಾಗ ಅಂತ ವಿಚಾರಿಸಿ, ಅದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದವರದ್ದು (ಎನ್‌ಡಿಎಂಎ), ಮೊದಲು 12 ದಿನದ್ದು ಇತ್ತು. ದೊಡ್ಡ ಸಂಸ್ಥೆಗೆ ಹೋಗುದಾದ್ರೆ ಹತ್ತು ದಿನವಾದ್ರೂ ಕೊಡ್ಲಿಕ್ಕೆ ಆಗುವವರು ಹೋಗಿ, ಎರಡು ದಿನಕ್ಕೆ ಹೋಗಿ ಬಂದ್ರೆ ಕಲಿಯುವಷ್ಟರಲ್ಲಿ ವಾಪಸ್ ಬರುದು ಆಗ್ತದೆ. ಕ್ಲಬ್ಬನ್ನು ಬಿಡಿ ಅಂತ ನಾನು ಹೇಳುದಿಲ್ಲ. ನಮ್ಮದೇ ಊರಲ್ಲಿ ಏನಾದ್ರೂ ಆದ್ರೆ ಮೊದಲ ಆರು ಗಂಟೆ ಕ್ಲಬ್ಬಿನವರೇ, ಫಯರ್ ಇಂಜಿನ್ ಬರುವ ಮೊದಲು ಅವರು ಅಲ್ಲಿರ್ತಾರೆ. ಹಾಗಾಗಿ ನಮ್ಮ ಕ್ಲಬ್ಬಿನ ನಾಲ್ಕು ಜನವನ್ನು ನಾನೇ ಸ್ಟೇಷನಿಗೆ ಕರ್ಕೊಂಡು ಹೋದೆ, ಅದರಲ್ಲಿ ಇಬ್ರು ಹುಡುಗಿಯರು. ಈಗ ಕ್ಲಬ್ಬಿನ ಕಪಾಟಲ್ಲಿ ಕೇರಂ ಬೋರ್ಡಿನ ಪಕ್ಕ ನೂರು ಅಡಿ ಹಗ್ಗ, ಹೆಲ್ಮೆಟ್, ಸ್ಟ್ರೆಚರ್ ಉಂಟು, ಸಾಮಾನು ತರುವ ಲಿಸ್ಟನ್ನು ಆ ಹುಡುಗಿಯರೇ ಬರ್ದದ್ದು, ಪ್ಯಾಡ್ ಮೊದಲ ಸಾಲಲ್ಲೇ ಉಂಟು.

ಫಾರ್ಮ್ ಮಲಯಾಳದಲ್ಲಿ ಇದ್ರೆ ಹೆದರಿ ಬಿಟ್ಟು ಬಿಡ್ಬೇಡಿ. ಹಿಡ್ಕೊಂಡು ನಮ್ಮ ಮನೆಗೆ ಬನ್ನಿ, ಆದಿತ್ಯವಾರ ಮಧ್ಯಾಹ್ನ ಮೇಲೆ ಇರ್ತೇನೆ, ಕೂತು ತುಂಬಿಸುವ.